ನಾಯಿ-ಬೆಕ್ಕುಗಳಿಗೆ ಮನೆ ಹುಡುಕಿಕೊಡುವ ಜಾಲತಾಣ ಕಟ್ಟುವುದು ಹೇಗೆ?

ಮರಿಯ ಫೋಟೊ ನೋಡಿ ಫೋನ್ ಮಾಡಿದವರಿಗೆ "ಅದು ಹೋಗಿ ತಿಂಗಳಾಯ್ತಲ್ಲ" ಎಂಬ ಉತ್ತರ ಎರಡು ಸಲ ಸಿಕ್ಕರೆ ಮೂರನೆಯ ಸಲ ಅವರು ಪೆಟ್ ಶಾಪ್‌ ಕಡೆ ನಡೆಯುತ್ತಾರೆ. ಆಶ್ರಯಧಾಮದ ಜಾಲತಾಣಕ್ಕೆ ಹಳಸಿದ ಮಾಹಿತಿಯಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಆದ್ದರಿಂದ ಬಣ್ಣ, ಲೋಗೊ ಆರಿಸುವ ಮೊದಲೇ ಪ್ರತಿ ಪ್ರಾಣಿಯ ದಾಖಲೆ ಹೇಗಿರಬೇಕು, ದಿನವೂ ಅದನ್ನು ತಿದ್ದುವವರು ಯಾರು ಎಂಬುದನ್ನು ನಿರ್ಧರಿಸಿ.

ಐವತ್ತು-ಅರವತ್ತು ಪ್ರಾಣಿಗಳಿರುವ ಧಾಮಕ್ಕೆ ಒಂದು ಗೂಗಲ್ ಶೀಟ್ ಸಾಕು. ಒಂದು ಪ್ರಾಣಿಗೆ ಒಂದು ಸಾಲು. ಜಾಲತಾಣ ಅದರಿಂದಲೇ ಓದಿಕೊಳ್ಳಲಿ. ಗೂಡು ತೊಳೆಯುವ ಸಿಬ್ಬಂದಿ ಮೊಬೈಲಿನಲ್ಲೇ ಸ್ಥಿತಿ ಬದಲಿಸುವಂತಿರಬೇಕು. ಸ್ಥಿತಿಗಳು ನಾಲ್ಕು ಸಾಕು: ಲಭ್ಯ, ಮಾತುಕತೆಯಲ್ಲಿದೆ, ಚಿಕಿತ್ಸೆಯಲ್ಲಿದೆ, ಮನೆ ಸೇರಿದೆ. ಇವನ್ನು ಒತ್ತಿದರೆ ತೆರೆದುಕೊಳ್ಳುವ ಆಯ್ಕೆ ಪಟ್ಟಿಯಾದ ಡ್ರಾಪ್‌ಡೌನ್‌ನಲ್ಲೇ ಕೊಡಿ. ಕೈಯಲ್ಲಿ ಟೈಪ್ ಮಾಡಲು ಬಿಟ್ಟರೆ ಒಬ್ಬೊಬ್ಬರ ಕಾಗುಣಿತ ಒಂದೊಂದು ತರಹ ಆಗಿ, ಬೇಕಾದ್ದನ್ನು ಸೋಸಿ ತೋರಿಸುವ ಫಿಲ್ಟರ್ ಕೆಡುತ್ತದೆ.

ಹೆಸರಿನ ಜೊತೆ ಒಂದು ಸಂಖ್ಯೆ ಇರಲೇಬೇಕು, ಏಕೆಂದರೆ ರಾಜ, ರಾಣಿ, ಬ್ರೌನಿಗಳು ಎಲ್ಲ ಧಾಮದಲ್ಲೂ ಮೂರು-ನಾಲ್ಕು ಇರುತ್ತವೆ. ವಯಸ್ಸಿನ ಬದಲು ಅಂದಾಜು ಹುಟ್ಟಿದ ತಿಂಗಳನ್ನು ಬರೆದಿಡಿ. ವಯಸ್ಸನ್ನು ಪುಟವೇ ಲೆಕ್ಕ ಹಾಕಲಿ. ಇಲ್ಲದಿದ್ದರೆ "ಮೂರು ತಿಂಗಳ ಮರಿ" ವರ್ಷ ಕಳೆದರೂ ಮೂರು ತಿಂಗಳದ್ದಾಗಿಯೇ ಉಳಿಯುತ್ತದೆ. ಮರಿಗಳಿಗೆ ದೊಡ್ಡದಾದಾಗಿನ ಅಂದಾಜು ತೂಕವನ್ನೂ ಕೊಡಿ. ಅಂಗೈಯಲ್ಲಿ ಹಿಡಿಸುವ ನಾಡು ನಾಯಿಮರಿ 15–20 ಕಿಲೋ ಆಗುತ್ತದೆಂಬುದು ಅನೇಕರಿಗೆ ಹೊಳೆದಿರುವುದಿಲ್ಲ.

"ಲಸಿಕೆ ಆಗಿದೆ" ಎಂದಷ್ಟೇ ಬರೆಯುವುದು ಅಪಾಯಕಾರಿ. ನಾಯಿಮರಿಗಳ ಜೀವ ತೆಗೆಯಬಲ್ಲ ಸೋಂಕುಗಳಾದ ಪಾರ್ವೊ, ಡಿಸ್ಟೆಂಪರ್ ವಿರುದ್ಧದ ಲಸಿಕೆ 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆಯಂತೆ ಸುಮಾರು 16 ವಾರದವರೆಗೆ ಮುಂದುವರಿಯಬೇಕು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಒಂದೇ ಡೋಸ್ ಆದ ಮರಿಯನ್ನು "ಲಸಿಕೆ ಆಗಿದೆ" ಎಂಬ ನಂಬಿಕೆಯಲ್ಲಿ ಬೀದಿಗೆ ಕರೆದೊಯ್ದರೆ ಪಾರ್ವೊ ತಗಲಬಹುದು. ಕೊಟ್ಟ ದಿನಾಂಕ, ಮುಂದಿನ ದಿನಾಂಕ ಎರಡೂ ಕಾಣಲಿ.

ಸ್ವಭಾವದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮಕ್ಕಳೊಂದಿಗೆ, ಬೆಕ್ಕಿನೊಂದಿಗೆ, ಬೇರೆ ನಾಯಿಯೊಂದಿಗೆ ಹೊಂದುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೂ "ಹೌದು, ಇಲ್ಲ, ನೋಡಿಲ್ಲ" ಎಂಬ ಮೂರು ಉತ್ತರಗಳಿರಲಿ. ಬರೀ ಹೌದು-ಇಲ್ಲ ಕೊಟ್ಟರೆ ಸಿಬ್ಬಂದಿ ಊಹೆಯ ಮೇಲೆ "ಹೌದು" ಒತ್ತುತ್ತಾರೆ, ನಾಯಿ ವಾರದೊಳಗೆ ವಾಪಸ್ ಬರುತ್ತದೆ. "ಬೆಕ್ಕಿರುವ ಮನೆ" ಎಂದು ಯಾರಾದರೂ ಸೋಸಿದಾಗ "ನೋಡಿಲ್ಲ" ಎಂದಿರುವ ಪ್ರಾಣಿಗಳನ್ನು ಕೆಳಗೆ ತೋರಿಸಿ, ಮಾಯ ಮಾಡಬೇಡಿ. ತಳಿಯ ಫಿಲ್ಟರ್ ಬೇಡವೇ ಬೇಡ: ಧಾಮದಲ್ಲಿರುವುದು ಬಹುಪಾಲು ನಾಡು ನಾಯಿಗಳು, "ಲ್ಯಾಬ್ರಡಾರ್" ಒತ್ತಿದವರಿಗೆ ಸಿಗುವುದು ಖಾಲಿ ಪುಟ.

ಫೋಟೊವನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕುಳಿತು, ಬೆಳಗಿನ ಬೆಳಕಿನಲ್ಲಿ, ಕಂಬಿಯ ಹೊರಗೆ ತೆಗೆಯಿರಿ. ಕಪ್ಪು ನಾಯಿಯನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಕ್ಯಾಮೆರಾ ಗೋಡೆಗೆ ಬೆಳಕು ಹೊಂದಿಸಿಕೊಂಡು ಮುಖ ಮಸಿಯಾಗುತ್ತದೆ. ಪರದೆಯಲ್ಲಿ ಮುಖವನ್ನೇ ಮುಟ್ಟಿ ಬೆಳಕು ಹೊಂದಿಸಿ. ಮೂರು ಫೋಟೊ, 15–20 ಸೆಕೆಂಡಿನ ನಡೆದಾಡುವ ವಿಡಿಯೊ ಸಾಕು. ಮೊಬೈಲ್ ಫೋಟೊ 3–5 ಎಂಬಿ ಇರುತ್ತದೆ; ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಕಡತವನ್ನು ಚಿಕ್ಕದಾಗಿಸುವ ವೆಬ್‌ಪಿ ರೂಪದಲ್ಲಿ 150 ಕೆಬಿಯೊಳಗೆ ತನ್ನಿ.

ಕನ್ನಡ ಪಠ್ಯ ಎಲ್ಲ ಸಾಧನಗಳೂ ಓದುವ ಸಂಕೇತ ಕ್ರಮವಾದ ಯುನಿಕೋಡ್‌ನಲ್ಲೇ ಇರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸುವ ಫಾಂಟು) ಟೈಪಾದ ಕಡತವನ್ನು ಹಾಗೇ ಅಂಟಿಸಿದರೆ ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಇರಲಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಕೊಂಡಿಯ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಸಂಖ್ಯೆಯಲ್ಲಿರಲಿ: ವಾಟ್ಸಾಪ್‌ಗೆ ನಕಲು ಮಾಡುವಾಗ ಕನ್ನಡದ ಒಂದೊಂದು ಸಂಕೇತವೂ (ಮೂಲಾಕ್ಷರ, ಗುಣಿತ ಚಿಹ್ನೆ) 9 ಚಿಹ್ನೆಗಳಾಗಿ ಒಡೆದು ಮಾರುದ್ದದ ಕಸವಾಗುತ್ತದೆ. ಮನೆ ಸಿಗುವುದು ಹೆಚ್ಚಾಗಿ ವಾಟ್ಸಾಪ್ ಗುಂಪುಗಳಿಂದಲೇ, ಹಾಗಾಗಿ ಕೊಂಡಿ ಕಳಿಸಿದಾಗ ಆ ಪ್ರಾಣಿಯ ಮುಖವೇ ಕಾಣುವಂತೆ ಪ್ರತಿ ಪುಟಕ್ಕೂ ಪ್ರತ್ಯೇಕ ಪೂರ್ವನೋಟ ಚಿತ್ರ ಹೊಂದಿಸಿ.

ಅರ್ಜಿಯಲ್ಲಿ ಮೊದಲು ಐದೇ ಪ್ರಶ್ನೆ: ಹೆಸರು, ಮೊಬೈಲ್, ಪಿನ್‌ಕೋಡ್, ಸ್ವಂತ ಮನೆಯೋ ಬಾಡಿಗೆಯೋ, ಯಾವ ಪ್ರಾಣಿ. ಹೆಸರಿಗೆ "ಇಂಗ್ಲಿಷ್ ಅಕ್ಷರ ಮಾತ್ರ" ಎಂಬ ತಪಾಸಣೆ ಹಾಕಿದರೆ ಕನ್ನಡದಲ್ಲಿ ಬರೆದವರನ್ನೂ ಚುಕ್ಕೆಯ ಇನಿಷಿಯಲ್ ಇರುವವರನ್ನೂ ಬಾಗಿಲಲ್ಲೇ ತಡೆದಂತೆ. ಮೊಬೈಲ್ ಸಂಖ್ಯೆಯಲ್ಲಿ +91, ಖಾಲಿ ಜಾಗ, ಕನ್ನಡ ಅಂಕಿ ಎಲ್ಲವನ್ನೂ ಒಪ್ಪಿಕೊಂಡು ಒಳಗೆ ಸರಿಪಡಿಸಿಕೊಳ್ಳಿ. ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆ, ಬೆಕ್ಕಿಗಾಗಿ ಬಾಲ್ಕನಿಗೆ ಬಲೆ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬುದನ್ನು ಫೋನಿನಲ್ಲಿ ಕೇಳಿ. ದನಿಯಲ್ಲಿ ತಿಳಿಯುವುದು ಫಾರ್ಮಿನಲ್ಲಿ ತಿಳಿಯದು. ಆಧಾರ್ ಪ್ರತಿಯನ್ನು ಜಾಲತಾಣದಲ್ಲಿ ಅಪ್‌ಲೋಡ್ ಮಾಡಿಸಿಕೊಳ್ಳಬೇಡಿ. ಅದನ್ನು ಕಾಪಾಡುವ ಹೊಣೆ ಸಣ್ಣ ಧಾಮದ ಕೈಮೀರಿದ್ದು.

ಧಾಮದ ನಿಖರ ವಿಳಾಸವನ್ನು ಪುಟದಲ್ಲಿ ಹಾಕದಿರುವುದು ಒಳ್ಳೆಯದು. ರಾತ್ರಿ ಗೇಟಿನ ಮುಂದೆ ಮರಿಗಳ ಪೆಟ್ಟಿಗೆ ಬಿಟ್ಟುಹೋಗುವವರಿಗೆ ಅದೇ ದಾರಿ ತೋರಿಸುತ್ತದೆ. ಬಡಾವಣೆಯ ಹೆಸರು ಸಾಕು. ಭೇಟಿ ನಿಗದಿಯಾದ ಮೇಲೆ ನಕ್ಷೆ ಕಳಿಸಿ.

ಮನೆ ಸೇರಿದ ಪ್ರಾಣಿಯ ಪುಟವನ್ನು ಅಳಿಸಬೇಡಿ. ಹಳೆಯ ಕೊಂಡಿ ತಿಂಗಳುಗಟ್ಟಲೆ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅಲ್ಲಿಗೆ ಬಂದವರಿಗೆ "ಇದಕ್ಕೆ ಮನೆ ಸಿಕ್ಕಿದೆ" ಎಂದು ಹೇಳಿ, ಅದೇ ಗಾತ್ರ, ಅದೇ ಸ್ವಭಾವದ ಇನ್ನು ಮೂರು ಪ್ರಾಣಿಗಳನ್ನು ಕೆಳಗೆ ತೋರಿಸಿ. ಬಹಳ ದಿನದಿಂದ ಕಾಯುತ್ತಿರುವುದು ಮೊದಲು ಬರಲಿ.