ಸೆಪ್ಟಿಕ್ ಟ್ಯಾಂಕ್ ಕೆಟ್ಟಿರುವುದನ್ನು ಗುರುತಿಸುವ ಬಗೆ

ಶೌಚಾಲಯಕ್ಕೆ ಸುರಿದ ನೀರು ಗುಳುಗುಳು ಸದ್ದು ಮಾಡುತ್ತ ನಿಧಾನವಾಗಿ ಇಳಿಯುತ್ತಿದ್ದರೆ, ಬಚ್ಚಲಿನಲ್ಲೂ ನೀರು ನಿಲ್ಲುತ್ತಿದೆಯೇ ಎಂದು ಮೊದಲು ನೋಡಬೇಕು. ಒಂದೇ ಕಡೆ ನಿಂತರೆ ಸಾಮಾನ್ಯವಾಗಿ ಆ ಪೈಪು ಮಾತ್ರ ಕಟ್ಟಿಕೊಂಡಿರುತ್ತದೆ. ಎಲ್ಲೆಡೆ ನಿಂತರೆ ಟ್ಯಾಂಕನ್ನೋ ಮುಖ್ಯ ಪೈಪನ್ನೋ ಶಂಕಿಸಬೇಕು. ಬಚ್ಚಲ ನೀರನ್ನು ಬಾಳೆಗಿಡಕ್ಕೆ ಬಿಟ್ಟಿರುವ ಮನೆಗಳಿಗೆ ಈ ಪರೀಕ್ಷೆ ಒದಗುವುದಿಲ್ಲ.

ಸಕಲೇಶಪುರ, ಮೂಡಿಗೆರೆಗಳ ಕಡೆ ಆಷಾಢದ ಮಳೆಗೆ ನೆಲವೇ ನೀರುಂಡು ನಿಂತಿರುವುದರಿಂದ, ಟ್ಯಾಂಕಿನಿಂದ ಹೊರಬಂದ ನೀರನ್ನು ನೆಲಕ್ಕಿಳಿಸುವ ಇಂಗುಗುಂಡಿ ನೀರೆಳೆಯದೆ ಟ್ಯಾಂಕ್ ತುಂಬಿದಂತೆ ತೋರುವುದುಂಟು. ಆದ್ದರಿಂದ ಬೇಸಿಗೆಯ ಸೂಚನೆಯೇ ಹೆಚ್ಚು ನಂಬಲರ್ಹವೆಂದು ನನ್ನ ಅಭಿಪ್ರಾಯ: ಸುತ್ತಲ ಹುಲ್ಲೆಲ್ಲ ಒಣಗಿರುವಾಗ ಇಂಗುಗುಂಡಿಯ ಮೇಲಷ್ಟೇ ಹಸಿರು ದಟ್ಟವಾಗಿದ್ದು, ಕಾಲಿಟ್ಟಲ್ಲಿ ಕಪ್ಪು ಕೆಸರು ಪಿಚಕ್ಕನೆ ಮೇಲೆದ್ದರೆ ಗುಂಡಿ ಕಟ್ಟಿಕೊಂಡಿದೆಯೆಂದೇ ತಿಳಿಯಬಹುದು. ಹತ್ತಿರದಲ್ಲಿ ಬಾವಿಯಿದ್ದರೆ, ವಾಸನೆ ಬಾರದಿದ್ದರೂ ಅದರ ನೀರನ್ನು ಪರೀಕ್ಷೆಗೆ ಕೊಡಬೇಕು.

ಮುಚ್ಚಳ ಸರಿಸಿ ಬಗ್ಗಿ ನೋಡುವುದಾಗಲಿ, ಬೆಂಕಿಕಡ್ಡಿ ಗೀರುವುದಾಗಲಿ ಕೂಡದು. ಒಳಗಿನ ಮೀಥೇನ್ ಹೊತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಆಳುಗಳನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಶಿಕ್ಷಾರ್ಹವಾದ್ದರಿಂದ, ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಬೇಕು.