ಬಿಲ್ಲಿಗೆ ದೀಪ ಕಟ್ಟಿ ಹಂದಿ ಬೇಟೆ

ಟೆಕ್ಸಸ್‌ನಲ್ಲಿ ರಾತ್ರಿ ಹೊತ್ತು ಬಿಲ್ಲು ಹಿಡಿದು ಕಾಡುಹಂದಿ ಬೇಟೆಗೆ ಹೋಗುತ್ತೇನೆ ಎಂದರೆ ಕೊಡಗಿನ ನೆಂಟರು ಮೊದಲು ಕೇಳುವುದು ಕಾನೂನಿನ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಂದಿಗೂ ಅನ್ವಯಿಸುತ್ತದೆ. ಟೆಕ್ಸಸ್‌ನಲ್ಲಿ ಅದು ಹೊಲ ಬಗೆಯುವ ಪಿಡುಗು: ಸ್ಪೇನಿನವರು ತಂದ ಸಾಕುಹಂದಿಗಳು ಕಾಡು ಸೇರಿ, 1930ರ ದಶಕದಲ್ಲಿ ಬೇಟೆಗೆಂದು ಬಿಟ್ಟ ಯುರೋಪಿನ ಹಂದಿಗಳೊಡನೆ ಬೆರೆತ ಸಂತತಿ. ಖಾಸಗಿ ಜಮೀನಾದರೆ ಒಡೆಯನ ಒಪ್ಪಿಗೆ ಸಾಕು; 2019ರಿಂದ ಬೇಟೆಯ ಪರವಾನಗಿಯೂ ಬೇಡ.

ದೀಪವಿರುವುದು ಹಂದಿಯನ್ನು ಹುಡುಕುವುದಕ್ಕಲ್ಲ, ಬಾಣ ಎಲ್ಲಿ ನಾಟಬೇಕೋ ಆ ಜಾಗವನ್ನು ಕಾಣುವುದಕ್ಕೆ. ಹಂದಿ ಬಂದದ್ದನ್ನು ಕಿವಿಯೇ ಹೇಳುತ್ತದೆ. ಮುಸುಕಿನ ಜೋಳ ಅಗಿಯುವ ಸದ್ದು, ಮರಿಗಳ ಕಿತ್ತಾಟ ಕತ್ತಲಲ್ಲಿ ಬಹಳ ದೂರ ಕೇಳುತ್ತದೆ. ನನ್ನದು ರಾಟೆಗಳಿರುವ ಕಾಂಪೌಂಡ್ ಬಿಲ್ಲು; ಅದರಲ್ಲಿ ಸ್ಟೆಬಿಲೈಜರ್ (ಬಿಲ್ಲು ಅಲುಗದಂತೆ ಹಿಡಿಯುವ ಕೋಲು) ಕೂರುವ ತಿರುಪಿಗೇ ಹಸಿರು ದೀಪ ಬಿಗಿದಿದ್ದೇನೆ. ಒತ್ತುಗುಂಡಿ ಹಿಡಿಕೆಯ ಮೇಲೆ, ಎಡಗೈಯ ಬೆರಳಿಗೆ ಎಟಕುವಂತಿದೆ. ಬಿಳಿ ಬೆಳಕಿಗೆ ಹಂದಿ ಓಟ ಕೀಳುತ್ತದೆ, ಹಸಿರು ಅಥವಾ ಕೆಂಪಿಗೆ ಅಷ್ಟಾಗಿ ಬೆದರುವುದಿಲ್ಲ. ಆದರೂ ಹೆದೆಯನ್ನು ಪೂರ್ತಿ ಎಳೆದ ಮೇಲೆ, ಬೆಳಕನ್ನು ಮೊದಲು ನೆಲದ ಮೇಲೆ ಬೀಳಿಸಿ ನಿಧಾನವಾಗಿ ಮೇಲಕ್ಕೆ ತರುತ್ತೇನೆ. ಬಾಣದ ತುದಿ, ಬಾಣ ಕೂರುವ ತಟ್ಟು ಎರಡೂ ಹೊಳೆದು ಕಣ್ಣಿಗೆ ಹೊಡೆಯುತ್ತಿದ್ದವು. ತಟ್ಟಿಗೆ ಕಪ್ಪು ಟೇಪ್ ಸುತ್ತಿ, ದೀಪವನ್ನು ಎರಡು ಬೆರಳಿನಷ್ಟು ಮುಂದಕ್ಕೆ ಸರಿಸಿದ್ದೇನೆ. ಗುರಿ ನೋಡಲು ಹೆದೆಗೆ ಕೂರಿಸಿದ ಇಣುಕು ರಂಧ್ರ ಸಣ್ಣದಿದ್ದರೆ ಕತ್ತಲಲ್ಲಿ ಏನೂ ಕಾಣದು, ಕಾಲಂಗುಲದ್ದೇ ಆಗಬೇಕು.

ಗಾಳಿ ಕೆಟ್ಟರೆ ಯಾವ ಬಣ್ಣದ ದೀಪವೂ ಕಾಯದು. ಹಂದಿಯ ಕಣ್ಣು ಮಂದ, ಮೂಗು ಮಹಾ ಚುರುಕು. ಗಾಳಿ ನನ್ನ ಬೆನ್ನಿಂದ ಬೀಸುತ್ತಿದ್ದರೆ ಆ ರಾತ್ರಿ ಮನೆಯಲ್ಲೇ ಇರುತ್ತೇನೆ.

ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ಒಂದು ಗಟ್ಟಿ ಪದರ ಬೆಳೆದಿರುತ್ತದೆ. ಎದುರಾಳಿಯ ಕೋರೆಯಿಂದ ಕಾಯುವ ಗುರಾಣಿ ಅದು, ಬಾಣವನ್ನೂ ತಡೆಯಬಲ್ಲದು. ಗುಂಡಿಗೆಯೂ ಜಿಂಕೆಗಿಂತ ಮುಂದೆ, ಕೆಳಗೆ ಇರುತ್ತದೆ. ಹಾಗಾಗಿ ಹಂದಿ ತುಸು ಆಚೆ ತಿರುಗಿ ನಿಲ್ಲುವವರೆಗೂ ಕಾದು, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಬಿಡುತ್ತೇನೆ. ಇಪ್ಪತ್ತು ಗಜದಾಚೆ ಬಿಡುವುದಿಲ್ಲ. ದಕ್ಷಿಣ ಟೆಕ್ಸಸ್‌ನಲ್ಲಿ ಜವೆಲಿನಾ ಎಂಬ ಹಂದಿಯಂಥ ಪ್ರಾಣಿಯೂ ಇದೆ. ಅದನ್ನು ರಾತ್ರಿ ಹೊಡೆಯುವುದು ಅಪರಾಧ. ಸಂಶಯ ಬಂದರೆ ಹೆದೆ ಸಡಿಲಿಸುವುದೇ ಸರಿ.

ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಕದಲುವುದಿಲ್ಲ. ಗಾಯಗೊಂಡ ಹಂದಿಯನ್ನು ಪೊದೆಯೊಳಗೆ ಅಟ್ಟಿಕೊಂಡು ಹೋಗುವುದು ಶುದ್ಧ ಹುಚ್ಚು. ಕೊಬ್ಬು ಗಾಯವನ್ನು ಮುಚ್ಚಿಬಿಡುವುದರಿಂದ ರಕ್ತದ ಜಾಡು ಆಗಾಗ ಮಧ್ಯದಲ್ಲೇ ಕಾಣೆಯಾಗುತ್ತದೆ. ಜಾಡು ಹಿಡಿಯಲು ಮಾತ್ರ ಬಿಳಿ ದೀಪ ಬೇಕು. ಹಸಿರು ಬೆಳಕಿನಲ್ಲಿ ರಕ್ತ ಕಪ್ಪಾಗಿ ಕಂಡು ಎಲೆಯೊಡನೆ ಸೇರಿಹೋಗುತ್ತದೆ.

ಕೊಯ್ಯುವಾಗ ಕೈಗವಸು ಕಡ್ಡಾಯ, ಈ ಹಂದಿಗಳಿಂದ ಬ್ರುಸೆಲೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗ ಮನುಷ್ಯರಿಗೆ ಹರಡುತ್ತದೆ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಬೇಕು. ನಮ್ಮ ಕೊಡಗಿನ ಹಂದಿ ಸಾರು, ಪಂದಿ ಕರಿ, ಹೇಗೂ ಅದಕ್ಕಿಂತ ಹೆಚ್ಚು ಹೊತ್ತು ಕುದಿಯುತ್ತದೆ. ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಮಾತ್ರ ಮಡಿಕೇರಿಯಿಂದಲೇ ಬರಬೇಕು.