ಬುಕ್ಕಿಂಗ್ ಇದೆ ಸರಿ, ಹಿಂದಿನ ರಾತ್ರಿ ಗಾಡಿ ಎಲ್ಲಿರುತ್ತದೆ?

ದಸರಾಕ್ಕೆ ಇನ್ನೂ ತಿಂಗಳಿದೆ ಎನ್ನುವಾಗಲೇ ಫೋನ್ ಬರಲು ಶುರು. ಕೇಳುವವರದು ಎರಡೇ ಪ್ರಶ್ನೆ. ದಿನಕ್ಕೆ ಎಷ್ಟಾಗುತ್ತದೆ? ಈಗ ಬುಕ್ ಮಾಡಿದರೆ ಗಾಡಿ ಗ್ಯಾರಂಟಿಯಾ? ಮಡಿಕೇರಿಯಲ್ಲಿ ಟ್ರಾವೆಲ್ಸ್ ನಡೆಸುವ ನನಗೆ ಮೊದಲನೆಯದಕ್ಕೆ ಅರ್ಧ ನಿಮಿಷ ಸಾಕು. ಎರಡನೆಯದಕ್ಕೆ 'ಹೌದು' ಎನ್ನಬೇಕಾದರೆ ನಾನು ಮೊದಲು ನನ್ನ ಪುಸ್ತಕ ತೆರೆದು ನೋಡಬೇಕು. ಯಾವ ಗಾಡಿ, ಅದರ ಹಿಂದಿನ ಟ್ರಿಪ್ ಎಲ್ಲಿ ಮುಗಿಯುತ್ತದೆ, ಆ ರಾತ್ರಿ ಅದು ಎಲ್ಲಿ ತಂಗುತ್ತದೆ ಎಂದು ಗೊತ್ತಾಗದೆ ನಾನು ಯಾರ ಅಡ್ವಾನ್ಸನ್ನೂ ತೆಗೆದುಕೊಳ್ಳುವುದಿಲ್ಲ.

ಕೊಡಗಿನಲ್ಲಿ ಇದು ಬೇರೆ ಊರುಗಳಿಗಿಂತ ದೊಡ್ಡ ವಿಷಯ. ಇಲ್ಲಿಗೆ ರೈಲಿಲ್ಲ, ವಿಮಾನವಿಲ್ಲ. ರೈಲಿನಲ್ಲಿ ಬರುವವರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿಯಬೇಕು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಗಲ್ಫ್‌ನಿಂದ ಬರುವ ನಮ್ಮವರು ಅಲ್ಲಿಂದ ಮಾಕುಟ್ಟ ದಾರಿಯಲ್ಲಿ ವಿರಾಜಪೇಟೆಗೆ ಬರುತ್ತಾರೆ. ಎಲ್ಲಿ ಇಳಿದರೂ ಕೊನೆಗೆ ಘಾಟಿ ಹತ್ತಲು ಗಾಡಿ ಬೇಕೇ ಬೇಕು. ಊರಿಗೆ ಬಂದ ಮೇಲೂ ಅಷ್ಟೆ. ತಲಕಾವೇರಿ ಒಂದು ದಿಕ್ಕು, ದುಬಾರೆ ಒಂದು ದಿಕ್ಕು, ಹೋಂಸ್ಟೇ ಇರುವುದು ಯಾವುದೋ ತೋಟದ ನಡುವೆ. ಗಾಡಿ ಬರದಿದ್ದರೆ ಆ ಕುಟುಂಬದ ರಜೆಯೇ ಹೋಯಿತು.

ದೊಡ್ಡ ಬಾಡಿಗೆ ಕಂಪನಿಗಳ ಲೆಕ್ಕ ನಮ್ಮದಕ್ಕಿಂತ ಬೇರೆ. ಅಲ್ಲಿ ನೀವು ಕಾದಿರಿಸುವುದು ಒಂದು ದರ್ಜೆಯನ್ನು, ಇಂಥದ್ದೇ ಕಾರನ್ನಲ್ಲ. 'ಈ ಮಾದರಿ ಅಥವಾ ಇದಕ್ಕೆ ಸಮಾನವಾದದ್ದು' ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬುಕ್ ಮಾಡಿದವರಲ್ಲಿ ಕೆಲವರು ಬರುವುದೇ ಇಲ್ಲ ಎಂಬ ಅಂದಾಜಿನ ಮೇಲೆ ಇರುವ ಕಾರುಗಳಿಗಿಂತ ಹೆಚ್ಚು ಬುಕ್ಕಿಂಗ್ ಹಿಡಿಯುವುದೂ ಉಂಟು. ದುಡ್ಡು ಮೊದಲೇ ಕಟ್ಟಿಸಿಕೊಳ್ಳದ ಬುಕ್ಕಿಂಗಿನಲ್ಲಿ ಗಿರಾಕಿಯೂ ಎರಡು ಮೂರು ಕಡೆ ಹೆಸರು ಬರೆಸಿ ಕೊನೆಗೆ ಒಂದು ಕಡೆ ಹೋಗುತ್ತಾನೆ, ಕಂಪನಿ ಅದನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಸಾಮಾನ್ಯ ದಿನಗಳಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಆಯುಧಪೂಜೆಯ ವಾರದಲ್ಲಿ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ, ಶುಕ್ರವಾರವೋ ಸೋಮವಾರವೋ ರಜೆ ಸೇರಿಕೊಂಡ ವಾರಾಂತ್ಯಗಳಲ್ಲಿ ಸರಿಹೋಗುವುದಿಲ್ಲ. ಆಗ ಬುಕ್ ಮಾಡಿದವರೆಲ್ಲರೂ ಬರುತ್ತಾರೆ, ಕಾರು ಒಯ್ದವರು ಮಾತ್ರ ಹೊತ್ತಿಗೆ ಸರಿಯಾಗಿ ವಾಪಸ್ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ನಿಮಗೆ ಸಿಗಬೇಕಾದ ಕಾರು ಆಗ ಇನ್ನೂ ಎಲ್ಲೋ ದಾರಿಯಲ್ಲಿರುತ್ತದೆ.

ಒಂದು ದಸರಾ ಸಮಯದಲ್ಲಿ ವಿಜಯಪುರದ ಒಂದು ಕುಟುಂಬ ಮೈಸೂರು ರೈಲು ನಿಲ್ದಾಣದಿಂದ ನನಗೆ ಫೋನ್ ಮಾಡಿತು. ಅವರು ಬೇರೆ ಕಡೆ ಕಾರು ಕಾದಿರಿಸಿದ್ದರು, ಇಲ್ಲಿನ ಹೋಂಸ್ಟೇಯವರು ನನ್ನ ನಂಬರ್ ಕೊಟ್ಟಿದ್ದರು. "ಸರ, ಕನ್ಫರ್ಮ್ ಅಂತ ಮೆಸೇಜ್ ಬಂದೈತ್ರಿ. ಈಗ ನೋಡಿದ್ರ ಗಾಡಿ ಇಲ್ಲ ಅನ್ನಾಕತ್ತಾರ. ಜೋಡಿಗೆ ವಯಸ್ಸಾದವರು ಅದಾರ್ರೀ." ಆ ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ನನ್ನ ಒಂದು ಎರ್ಟಿಗಾ ಆಗಷ್ಟೇ ಮೈಸೂರಿನಲ್ಲಿ ಪ್ರವಾಸಿಗರನ್ನು ಇಳಿಸಿತ್ತು. ಚಾಲಕನಿಗೆ ಫೋನ್ ಮಾಡಿದೆ. "ಖಾಲಿ ಬರ್ತಾ ಇದ್ದೇನೆ ಅಣ್ಣಾ, ಇಲವಾಲ ದಾಟಿಲ್ಲ, ತಿರುಗಿಸ್ತೇನೆ" ಅಂದ. ಅವರು ಆ ದಿನ ಮಡಿಕೇರಿ ತಲುಪಿದ್ದು ಅವರ ಕೈಯಲ್ಲಿದ್ದ ಕನ್ಫರ್ಮ್ ಮೆಸೇಜಿನಿಂದಲ್ಲ. ಒಂದು ಗಾಡಿ ಆ ಹೊತ್ತಿಗೆ ಆ ಊರಿನಲ್ಲಿ ಖಾಲಿ ಇತ್ತು, ಅದು ಎಲ್ಲಿದೆ ಎಂದು ಒಬ್ಬರಿಗೆ ಗೊತ್ತಿತ್ತು, ಅಷ್ಟರಿಂದ.

ಹಾಗಾಗಿ ನಾನು ಬುಕ್ಕಿಂಗ್ ಬರೆಯುವುದು ಗಿರಾಕಿಯ ಹೆಸರಿನಡಿಯಲ್ಲ, ಗಾಡಿಯ ನಂಬರಿನಡಿ. ಒಂದೊಂದು ಗಾಡಿಗೆ ಒಂದೊಂದು ಪುಟ. ಟ್ರಿಪ್ ಎಲ್ಲಿಂದ ಶುರು, ಎಲ್ಲಿ ಮುಗಿಯುತ್ತದೆ ಎಂಬುದರ ಜೊತೆಗೆ 'ರಾತ್ರಿ ತಂಗು' ಎಂದು ಒಂದು ಕಾಲಂ ಇದೆ. ಬರೀ ವಿಚಾರಿಸಿದವರದು ಪೆನ್ಸಿಲ್‌ನಲ್ಲಿ, ಅಡ್ವಾನ್ಸ್ ಕೊಟ್ಟವರದು ಪೆನ್ನಿನಲ್ಲಿ. ಪೆನ್ನಿನಲ್ಲಿ ಬರೆದದ್ದನ್ನು ಯಾರು ಎಷ್ಟು ಹೆಚ್ಚು ಕೊಡುತ್ತೇನೆಂದರೂ ಹೊಡೆದುಹಾಕುವುದಿಲ್ಲ. ಒಂದು ಟ್ರಿಪ್ ಸಂಜೆ ಮಂಗಳೂರಿನಲ್ಲಿ ಮುಗಿದರೆ ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಗಾಡಿಯನ್ನು ಮಡಿಕೇರಿಯಲ್ಲಿ ಇನ್ನೊಬ್ಬರಿಗೆ ಕೊಡುವುದಿಲ್ಲ. ಕಾಗದದ ಮೇಲೆ ಅದು ಸಾಧ್ಯವೇ ಹೌದು, ದೂರ ಸುಮಾರು 140 ಕಿಲೋಮೀಟರ್. ಆದರೆ ಸಂಪಾಜೆ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ವಾರಗಟ್ಟಲೆ ಮುಚ್ಚಿದ್ದನ್ನು ಕಂಡವರು ನಾವು. ಇನ್ನು ಹಿಂದಿನ ರಾತ್ರಿ ನಿದ್ದೆಯಿಲ್ಲದ ಚಾಲಕನನ್ನು ತಿರುವಿನ ರಸ್ತೆಗೆ ಕಳಿಸುವುದು ಬುಕ್ಕಿಂಗ್ ತಪ್ಪುವುದಕ್ಕಿಂತ ಕೆಟ್ಟದ್ದು. ಅವನಿಗೂ ಮನೆಯಿದೆ.

ಸೀಸನ್‌ನಲ್ಲಿ ಒಂದು ಗಾಡಿಯನ್ನು ಯಾರಿಗೂ ಕೊಡದೆ ಸ್ಟೆಪ್ನಿಯ ಹಾಗೆ ಇಟ್ಟುಕೊಳ್ಳುತ್ತೇನೆ. "ಬಾಡಿಗೆ ಇಷ್ಟು ಏರಿರುವಾಗ ಒಂದು ಗಾಡಿ ಸುಮ್ಮನೆ ನಿಲ್ಲಿಸ್ತೀರಲ್ಲ" ಎಂದು ಮನೆಯಲ್ಲೂ ಕೇಳುತ್ತಾರೆ. ಆ ದಿನಗಳಲ್ಲಿ ಅದರಿಂದ ಆಗುವ ನಷ್ಟ ನಿಜವಾದ ನಷ್ಟವೇ. ಆದರೂ ಕ್ಲಚ್ ಹೋದಾಗ, ಚಾಲಕನಿಗೆ ಜ್ವರ ಬಂದಾಗ ಹೊರಗೆ ಹುಡುಕಿದರೆ ಗಾಡಿ ಸಿಗುವುದು ಮಾಮೂಲಿ ದಿನಗಳಲ್ಲಿ ಮಾತ್ರ. ಸೀಸನ್‌ನಲ್ಲಿ ಎಷ್ಟು ದುಡ್ಡು ಕೊಟ್ಟರೂ ಇಲ್ಲ.

ದಸರಾದ ದಿನಗಳಿಗೆ ಬೇರೆಯೇ ಲೆಕ್ಕ. ಆಯುಧಪೂಜೆಯಂದು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಪೂಜೆ ಆಗುವವರೆಗೆ ಬಹಳಷ್ಟು ಚಾಲಕರು ಹೊರಡುವುದಿಲ್ಲ. ಹೊರಡಿ ಎಂದು ನಾನು ಒತ್ತಾಯಿಸುವುದೂ ಇಲ್ಲ, ವರ್ಷವಿಡೀ ಅನ್ನ ಕೊಡುವ ಗಾಡಿ ಅದು. ಹಾಗಾಗಿ ಅಂದು ಮುಂಜಾನೆಯ ಬುಕ್ಕಿಂಗ್ ಕೇಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ಹನ್ನೊಂದರ ಮೇಲೆ ಹೊರಡೋಣ ಎಂದು. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ, ಎಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಶೋಭಾಯಾತ್ರೆ. ಅದು ಬೆಳಗಿನ ಜಾವದವರೆಗೂ ನಡೆಯುತ್ತದೆ, ಪೇಟೆಯ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪೇಟೆಯೊಳಗೆ ನಿಂತ ಗಾಡಿ ಬೆಳಗಾಗುವವರೆಗೆ ಅಲ್ಲೇ. ಗಾಡಿ ಇದೆ, ಚಾಲಕ ಇದ್ದಾನೆ, ಆದರೆ ಗಿರಾಕಿಯ ಲಾಡ್ಜ್ ಬಾಗಿಲಿಗೆ ಬರಲಾಗುವುದಿಲ್ಲ. ಮರುದಿನ ಮುಂಜಾನೆ ಮೈಸೂರಿಗೆ ಹೋಗಬೇಕಾದ ಗಾಡಿಗಳನ್ನು ನಾನು ಅಂದು ಮಧ್ಯಾಹ್ನವೇ ಸುಂಟಿಕೊಪ್ಪದಲ್ಲಿ ಗೆಳೆಯರ ಶೆಡ್ಡಿಗೆ ಕಳಿಸುತ್ತೇನೆ, ಮಂಗಳೂರು ಕಡೆಯವನ್ನು ಮದೆನಾಡಿಗೆ. ಬೆಳಿಗ್ಗೆ ಪೇಟೆಯ ಹೊರಗೆ ಎಲ್ಲಿ ಬಂದು ಹತ್ತಬೇಕು ಎಂದು ಗಿರಾಕಿಗೆ ಹಿಂದಿನ ದಿನವೇ ತಿಳಿಸಿರುತ್ತೇನೆ. ಸಾಮಾನು ಹೊತ್ತು ನಡೆಯಲಾಗದವರಿದ್ದರೆ ರೂಮನ್ನೇ ಪೇಟೆಯ ಹೊರಗೆ ಮಾಡಿ ಎನ್ನುತ್ತೇನೆ.

2024ರಲ್ಲಿ ಅಕ್ಟೋಬರ್ 12ಕ್ಕೆ ವಿಜಯದಶಮಿ, 17ಕ್ಕೆ ತುಲಾ ಸಂಕ್ರಮಣ. ಎರಡು ಜಾತ್ರೆ ಒಂದೇ ವಾರದ ಒಳಗೆ ಬಂದಂತಾಯಿತು. ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಎಂದರೆ ಕಾವೇರಿ ಉಕ್ಕುವುದನ್ನು ನೋಡಲು ಬರುವವರಲ್ಲಿ ನಮ್ಮೂರಿನವರೇ ಹೆಚ್ಚು. ವರ್ಷಕ್ಕೊಮ್ಮೆ ಕಾವೇರಮ್ಮನ ಹತ್ತಿರ ಹೋಗುವ ಅಜ್ಜಿಗೆ 'ಬೆಂಗಳೂರಿನ ಪಾರ್ಟಿ ಜಾಸ್ತಿ ಕೊಟ್ಟಿತು' ಎಂದು ಹೇಳಲು ನನ್ನಿಂದಾಗುವುದಿಲ್ಲ. ಆ ದಿನದ ಊರಿನವರ ಬುಕ್ಕಿಂಗ್ ಮೊದಲು ಬರೆದುಕೊಂಡು, ಉಳಿದದ್ದನ್ನು ಹೊರಗಿನವರಿಗೆ ಕೊಡುತ್ತೇನೆ. ಭಾಗಮಂಡಲದಿಂದ ಮೇಲೆ ತಲಕಾವೇರಿಗೆ ಇರುವುದು ಎಂಟು ಕಿಲೋಮೀಟರ್, ಆದರೆ ಅಂದು ಆ ಎಂಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಲಾಗದು. ಆ ಗಾಡಿಗೆ ಅದೇ ದಿನ ಎರಡನೇ ಟ್ರಿಪ್ ಹಾಕುವುದೇ ಇಲ್ಲ.

ನನ್ನ ಸ್ವಂತ ಗಾಡಿಗಳ ಜೊತೆಗೆ ಅಟ್ಯಾಚ್ ಗಾಡಿಗಳೂ ಇವೆ, ಎಂದರೆ ಬೇರೆಯವರ ಮಾಲೀಕತ್ವದ, ನನ್ನ ಮೂಲಕ ಓಡುವ ಗಾಡಿಗಳು. ಬುಕ್ಕಿಂಗ್ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಕೊನೆಯ ಗಳಿಗೆಯಲ್ಲಿ ಯಾರೋ ದುಪ್ಪಟ್ಟು ಕೊಡುತ್ತೇನೆಂದಾಗ ಗಾಡಿಯವನು ಫೋನ್ ಸ್ವಿಚ್ ಆಫ್ ಮಾಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಸಾಲದ ಕಂತು ಇದೆ. ನಾನು ಮಾಡುವುದು ಇಷ್ಟು. ಗಿರಾಕಿಯಿಂದ ಅಡ್ವಾನ್ಸ್ ಬಂದ ದಿನವೇ ಅದರಲ್ಲಿ ಗಾಡಿಯವನ ಪಾಲನ್ನು ಅವನ ಖಾತೆಗೆ ಹಾಕುತ್ತೇನೆ. ಸೀಸನ್ ದರ ಏರಿಸಿದರೆ ಏರಿದ ದುಡ್ಡಿನಲ್ಲಿ ಹೆಚ್ಚು ಭಾಗ ಅವನಿಗೇ, ಚಾಲಕನ ದಿನದ ಖರ್ಚಿನ ಬಾಟಾ ಬೇರೆ. ದುಡ್ಡು ಕೈಗೆ ಬಂದಿದ್ದರೆ, ತನಗೆ ಮೋಸವಾಗಿಲ್ಲ ಎಂದು ಗೊತ್ತಿದ್ದರೆ, ಅವನು ಬರುತ್ತಾನೆ. ಅಡ್ವಾನ್ಸನ್ನೆಲ್ಲ ತಾವೇ ಇಟ್ಟುಕೊಂಡು, ಚಾಲಕನಿಗೆ ಟ್ರಿಪ್ ಮುಗಿದು ವಾರವಾದ ಮೇಲೆ ಕೊಡುವವರ ಗಾಡಿಗಳೇ ದಸರಾದಲ್ಲಿ ಕೈಕೊಡುವುದು ಎಂಬುದು ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು.

ನಮ್ಮ ಕೈ ಮೀರಿದ್ದೂ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಂ ಪ್ರಕಾರ ಚುನಾವಣೆ ಕೆಲಸಕ್ಕೆ ವಾಹನಗಳನ್ನು ವಶಕ್ಕೆ ಪಡೆಯುವ ಅಧಿಕಾರ ಸರ್ಕಾರಕ್ಕಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರ ಶುಕ್ರವಾರ, ಮಕ್ಕಳಿಗೆ ಬೇಸಿಗೆ ರಜೆಯ ಹೊತ್ತು. ಮತಗಟ್ಟೆಗಳಿಗೆ ಸಿಬ್ಬಂದಿಯನ್ನು ಸಾಗಿಸಲು ಗಾಡಿ ಬೇಕಾಗುವ ದಿನಗಳವು, ನೋಟಿಸ್ ಬಂದರೆ ಇಲ್ಲ ಎನ್ನುವಂತಿಲ್ಲ. ಅಂಥ ದಿನಾಂಕ ಘೋಷಣೆಯಾದ ಕೂಡಲೇ ಆ ದಿನಗಳಿಗೆ ಬುಕ್ ಮಾಡಿದವರಿಗೆಲ್ಲ ನಾನೇ ಫೋನ್ ಮಾಡಿ, ದಿನ ಬದಲಿಸುತ್ತೀರಾ, ಅಡ್ವಾನ್ಸ್ ವಾಪಸ್ ಬೇಕಾ ಎಂದು ಕೇಳುತ್ತೇನೆ. ಮೊದಲೇ ಹೇಳಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಸೆಲ್ಫ್ ಡ್ರೈವ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ನಾನು ಅದನ್ನು ಮಾಡುವುದಿಲ್ಲ, ಕಾರಣವಿದೆ. 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕ್ಯಾಬ್ ಇರಬೇಕು, ಅವುಗಳಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಸಣ್ಣ ಊರಿನಲ್ಲಿ ವಾಟ್ಸಾಪ್ ಮೂಲಕ ಸಿಗುವ ಬಿಳಿ ಬೋರ್ಡಿನ 'ಸೆಲ್ಫ್ ಡ್ರೈವ್' ಯಾರದೋ ಮನೆಯ ಕಾರು. ಹಬ್ಬಕ್ಕೆ ಮಾಲೀಕನಿಗೇ ಬೇಕಾದರೆ ನಿಮ್ಮ ಬುಕ್ಕಿಂಗ್ ಹೋಯಿತು. ಅಪಘಾತವಾದರೆ ಇನ್ನೂ ಕಷ್ಟ, ಸ್ವಂತ ಬಳಕೆಯ ಕಾರಿನ ವಿಮೆ ಬಾಡಿಗೆಗೆ ಓಡಿಸಿದಾಗ ಅನ್ವಯಿಸುವುದಿಲ್ಲ. ಘಾಟಿ ರಸ್ತೆಯಲ್ಲಿ, ಮಂಜಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ಅಪಾಯ ತೆಗೆದುಕೊಳ್ಳಬಾರದು ಎಂದು ಕೈಮುಗಿದು ಹೇಳುತ್ತೇನೆ.

ನನ್ನಲ್ಲಿ ಅಡ್ವಾನ್ಸ್ ಕೊಟ್ಟವರಿಗೆ ಒಂದು ಮೆಸೇಜ್ ಹೋಗುತ್ತದೆ. ಗಾಡಿಯ ಮಾದರಿ, ದಿನಾಂಕ, ಹತ್ತುವ ಜಾಗ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ, ಬಾಟಾ, ಟೋಲ್ ಯಾರದು, ಎಲ್ಲವೂ ಅದರಲ್ಲಿರುತ್ತದೆ. ಕೊನೆಯ ಸಾಲು ನನ್ನ ಮೇಲಿನ ಷರತ್ತು: ನಾನು ಗಾಡಿ ಕೊಡಲಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್, ಬೇರೆ ಗಾಡಿಗೆ ಹೆಚ್ಚು ಬಾಡಿಗೆ ಕೊಡಬೇಕಾಗಿ ಬಂದರೆ ಆ ಹೆಚ್ಚಿನ ದುಡ್ಡನ್ನು ನಾನೇ ಕೊಡುತ್ತೇನೆ. ಗಿರಾಕಿ ಕೊನೆಯಲ್ಲಿ ಬಿಟ್ಟರೆ ಅಡ್ವಾನ್ಸ್ ಹೋಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಗಾಡಿಯವರು ಬಿಟ್ಟರೆ ಏನು ಎಂಬ ಸಾಲು ಇಲ್ಲದ ಕಡೆ ಸೀಸನ್‌ನಲ್ಲಿ ಬುಕ್ ಮಾಡಬೇಡಿ. ಹಿಂದಿನ ಸಂಜೆ ಗಾಡಿಯ ನಂಬರು, ಚಾಲಕನ ಹೆಸರು, ಫೋನ್ ನಂಬರು ಕಳಿಸುತ್ತೇನೆ. ನೀವು ಬೇರೆಯವರಲ್ಲಿ ಬುಕ್ ಮಾಡಿದ್ದರೆ ಆ ಸಂಜೆ ನೀವೇ ಚಾಲಕನಿಗೆ ಫೋನ್ ಮಾಡಿ, ಈಗ ಎಲ್ಲಿದ್ದೀರಿ, ಇವತ್ತಿನ ಟ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಅಂದು ರಾತ್ರಿಯೇ ಬೇರೆ ದಾರಿ ನೋಡಬಹುದು, ಬೆಳಿಗ್ಗೆ ಸಾಮಾನು ಹಿಡಿದು ನಿಂತಾಗ ಆಗುವುದಿಲ್ಲ.

ಕೈಕೊಟ್ಟವರ ಮೇಲೆ ಏನು ಮಾಡುವುದು ಎಂದು ಆ ವಿಜಯಪುರದವರು ದಾರಿಯಲ್ಲಿ ನಮ್ಮ ಚಾಲಕನನ್ನು ಕೇಳಿದ್ದರಂತೆ. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ದುಡ್ಡು ತೆಗೆದುಕೊಂಡು ಗಾಡಿ ಕೊಡದಿರುವುದು ಸೇವಾ ನ್ಯೂನತೆ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅದಕ್ಕಾಗಿ ಮೈಸೂರಿಗೋ ಮಡಿಕೇರಿಗೋ ಬರಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬುಕ್ಕಿಂಗ್ ಮೆಸೇಜ್, ದುಡ್ಡು ಕಳಿಸಿದ ದಾಖಲೆ, ಬೇರೆ ಗಾಡಿಗೆ ಕೊಟ್ಟ ಬಿಲ್, ಈ ಮೂರನ್ನೂ ಇಟ್ಟುಕೊಂಡಿರಿ. ನಮ್ಮ ಚಾಲಕನ ಹತ್ತಿರ ಬಿಲ್ ಪುಸ್ತಕ ಇತ್ತು, ಕೇಳುವ ಮೊದಲೇ ಬರೆದು ಕೊಟ್ಟಿದ್ದ.